ನಿಂತು ತೆಗೆದ ಅಳತೆ

ಕತ್ತಿನ ಕೆಳಗಿನ ಎಲುಬಿನಿಂದ ನಾಲ್ಕೂವರೆ ಇಂಚು ಕೆಳಕ್ಕೆ, ಅಲ್ಲಿಂದ ಕಂಕುಳ ಕಡೆಗೆ ಮೂರು. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಟೈಲರಮ್ಮ ತನ್ನ ಎದೆಗೆ ತಾನೇ ಟೇಪು ಹಿಡಿದು, ನೇರಳೆ ಪೆನ್ನಿನಿಂದ ಗೆರೆ ಎಳೆಯುತ್ತಿದ್ದಳು. ಆಸ್ಪತ್ರೆಯಲ್ಲಿ ಕಿರಣ ಕೊಡುವವನು ಎಳೆದಿದ್ದ ಗೆರೆಗಳು ಈಗಷ್ಟೇ ನೊರೆಯ ಜೊತೆ ಮೋರಿಗೆ ಹೋಗಿದ್ದವು. ಗೆರೆ ನೋಡಿಯೇ ಯಂತ್ರ ಹೂಡುವುದು, ಅಲ್ಲಿಗೆ ಸೋಪು ಮುಟ್ಟಿಸಬೇಡಿ ಎಂದು ಅವನು ಮೊದಲ ದಿನವೇ ಹೇಳಿದ್ದ. ಹದಿಮೂರು ದಿನ ಜೋಪಾನ ಮಾಡಿದ್ದಳು. ಇವತ್ತು ಅದೇ ಕೋಣೆಯ ಕಂಡಕ್ಟರಮ್ಮ ಹೊರಗಿನಿಂದ ಬಾಗಿಲು ಗುದ್ದಿ, ಒಳಗೇನು ಮನೆ ಕಟ್ಟುತ್ತಿದ್ದೀರಾ ಎಂದು ಕೇಳಿದ್ದೇ ತಡ, ಇವಳಿಗೆ ಮೈಯೆಲ್ಲ ಉರಿದುಹೋಯಿತು. ಬೇಕೆಂದೇ ಇನ್ನೆರಡು ಚೊಂಬು ನೀರು ಸುರಿದುಕೊಂಡು, ಸಿಟ್ಟಿನ ಭರದಲ್ಲಿ ಸೋಪು ತಿಕ್ಕಿಬಿಟ್ಟಳು.

ಆಸ್ಪತ್ರೆಯ ಎದುರಿನ ಆ ತಂಗುಮನೆ ಪರವೂರಿನ ರೋಗಿಗಳಿಗೆಂದೇ ಇದ್ದದ್ದು. ಕೋಣೆಯಲ್ಲಿ ಐದು ಮಂಚ, ಐದು ಹೆಂಗಸರು, ಒಂದೇ ಬಚ್ಚಲು. ಎಲ್ಲರಿಗೂ ಒಂದೇ ಕಾಯಿಲೆ, ಎದೆಯ ಕ್ಯಾನ್ಸರ್, ಆದರೆ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು. ಕಿಟಕಿ ತೆರೆದರೆ ಜಗಳ, ಮುಚ್ಚಿದರೆ ಜಗಳ. ಒಬ್ಬಳ ಕೂದಲು ಉದುರಿ ಇನ್ನೊಬ್ಬಳ ದಿಂಬಿನ ಮೇಲೆ ಬಿದ್ದಿತೆಂದು ಒಂದು ಇಡೀ ದಿನ ಮಾತು ಬಿಟ್ಟವರಿದ್ದರು. ಅವರಲ್ಲೆಲ್ಲ ಟೈಲರಮ್ಮನಿಗೂ ಕಂಡಕ್ಟರಮ್ಮನಿಗೂ ಎಣ್ಣೆ ಸೀಗೆಕಾಯಿ.

ಚಿಕಿತ್ಸೆ ನಡೆಯುತ್ತಿರುವವರಿಗೆ ಮಾತ್ರ ಮಂಚ, ನಿಂತರೆ ಬಿಡಬೇಕು. ಅದು ಅಲ್ಲಿನ ನಿಯಮ. ಗೆರೆ ಅಳಿಸಿದೆ ಎಂದು ಬಾಯಿಬಿಟ್ಟರೆ ಹೊಸದಾಗಿ ಅಳತೆ, ಒಂದು ವಾರ ಕಿರಣ ಬಂದ್, ಮಂಚ ಹೋಯಿತು. ಮನೆ ರೈಲಿನಲ್ಲಿ ಎರಡು ದಿನದ ದಾರಿ. ಒಮ್ಮೆ ಹೋಗಿ ತನ್ನ ಹಾಸಿಗೆಯಲ್ಲಿ ಮಲಗಿದರೆ ಮತ್ತೆ ಇಲ್ಲಿಗೆ ಬರುವ ಧೈರ್ಯ ತನಗೆ ಹುಟ್ಟುವುದಿಲ್ಲ ಎಂದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿದ್ದದ್ದೇ ಅವಳ ಹೆದರಿಕೆ. ಮೂವತ್ತು ವರ್ಷದ ಕಸುಬು, ಯಾರ ಅಂಗಿಯೂ ಅರ್ಧ ಇಂಚು ಆಚೀಚೆ ಆದದ್ದಿಲ್ಲ. ದಿನಾ ನೋಡಿದ ನಾಲ್ಕು ಗೆರೆ ಎಳೆಯಲಾರೆನೇ ಎಂದುಕೊಂಡಳು.

ಬಚ್ಚಲಿನ ಸಡಿಲ ಚಿಲಕ ಕಳಚಿ ಬಾಗಿಲು ತೆರೆದುಕೊಂಡಿತು. ಕಂಡಕ್ಟರಮ್ಮ ಪೆನ್ನು ನೋಡಿದಳು, ಎದೆ ನೋಡಿದಳು. ಬಾಗಿಲು ಎಳೆದುಕೊಂಡು ಹೋದಳು. ಅವಳು ಸುಮ್ಮನೆ ಹೋದದ್ದೇ ಟೈಲರಮ್ಮನಿಗೆ ಸರಿಕಾಣಲಿಲ್ಲ.

ಆಸ್ಪತ್ರೆಯಲ್ಲಿ ಕಂಡಕ್ಟರಮ್ಮನ ಸರದಿ ಮೊದಲು. ಅವಳು ಹೊರಬಂದ ಮೇಲೆ ಟೈಲರಮ್ಮ ಒಳಗೆ ಹೋಗಿ, ಎಂದಿನಂತೆ ತೋಳು ತಲೆಯ ಮೇಲಕ್ಕೆತ್ತಿ ಮಲಗಿದಳು. ಕಿರಣದವನು ದೀಪ ಬೀಳಿಸಿ ಬಹಳ ಹೊತ್ತು ನೋಡಿದ. ಗೆರೆ ಯಾರು ಎಳೆದದ್ದು ಎಂದು ಕೇಳಿದ. ನೀವೇ ಎಂದಳು.

"ಕಂಡಕ್ಟರಮ್ಮ ಎಲ್ಲಾ ಹೇಳಿದ್ದಾರೆ. ನೀವು ನಿಂತ್ಕೊಂಡು ಎಳೆದಿದ್ದೀರ, ನಾನು ಮಲಗಿಸಿ ಕೈ ಎತ್ತಿಸಿ ಎಳೆದಿದ್ದು. ಮಲಗಿದ್ರೆ ಮೈ ಸರಿಯುತ್ತೆ. ಎರಡು ಬೆರಳು ತಪ್ಪಿದೆ, ಕಿರಣ ಬೇರೆ ಕಡೆ ಬೀಳ್ತಿತ್ತು."

ಟೈಲರಮ್ಮನಿಗೆ ನಾಚಿಕೆಯಾಯಿತು. ಊರಿಗೆ ಊರನ್ನೇ ಅವಳು ನಿಲ್ಲಿಸಿ ಅಳೆದವಳು. ಮಲಗಿಸಿ ಅಳೆಯಬೇಕೆಂದು ತಲೆಗೆ ಹೊಳೆದೇ ಇರಲಿಲ್ಲ. ಕಿರಣದವನು ಯಂತ್ರ ಆರಿಸಿ, ಆರು ದಿನ ಬಿಟ್ಟು ಹೊಸ ಅಳತೆಗೆ ಬನ್ನಿ ಎಂದ.

ಕೋಣೆಗೆ ಬರುವ ಹೊತ್ತಿಗೆ ನಾಚಿಕೆ ಹೋಗಿ ಸಿಟ್ಟು ಮಾತ್ರ ಉಳಿದಿತ್ತು. ಚಾಡಿಕೋರಿ, ಹೊಟ್ಟೆಕಿಚ್ಚಿನವಳು, ನನ್ನ ಮಂಚದ ಮೇಲೆ ಕಣ್ಣಿಟ್ಟವಳು ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಕಂಡಕ್ಟರಮ್ಮ ಗೋಡೆಗೆ ಒರಗಿ ಮಾತ್ರೆಯ ಹಾಳೆ ಬಿಡಿಸುತ್ತಲೇ ಇದ್ದಳು. ಉಳಿದ ಮೂವರು ಹೊದಿಕೆ ಮುಖದ ಮೇಲೆ ಎಳೆದುಕೊಂಡರು. ಒಬ್ಬಳಾದರೂ ನನ್ನ ಪರ ಒಂದು ಮಾತು ಆಡಬಾರದೇ ಎಂದು ಟೈಲರಮ್ಮನಿಗೆ ಅನ್ನಿಸಿತು.

ಮಧ್ಯಾಹ್ನ ಮೇಲ್ವಿಚಾರಕಿ ಪಟ್ಟಿ ಹಿಡಿದು ಬಂದಳು. ಹೊಸ ರೋಗಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ, ಸಂಜೆಗೆ ಬರುತ್ತಾರೆ, ಟೈಲರಮ್ಮ ಮಂಚ ಬಿಡಬೇಕು, ಹೊಸ ಅಳತೆ ಆದಮೇಲೆ ಜಾಗವಿದ್ದರೆ ನೋಡೋಣ ಎಂದಳು. ಟೈಲರಮ್ಮ ಚೀಲ ಎಳೆದು ಬಟ್ಟೆ ಮಡಚತೊಡಗಿದಳು. ಒಂದೇ ಅಂಗಿಯನ್ನು ಮೂರು ಸಲ ಮಡಚಿದಳು.

"ಎಷ್ಟು ಜನ ಬರ್ತಿರೋದು?" ಕಂಡಕ್ಟರಮ್ಮ ಮಂಚದಿಂದಲೇ ಕೇಳಿದಳು.

"ಒಬ್ಬರು. ಯಾಕೆ?"

"ಇಪ್ಪತ್ತಾರು ವರ್ಷ ಬಸ್ಸಲ್ಲಿ ನಿಂತಿದ್ದೀನಿ. ಸೀಟಿಲ್ಲ ಅಂತ ಹೆಂಗಸರನ್ನ ಇಳಿಸಿದವಳಲ್ಲ ನಾನು. ಏಳ್ರಮ್ಮ ಎಲ್ಲರೂ, ಮಂಚ ಜೋಡಿಸಿ, ಐದರಲ್ಲಿ ಆರು ಜನ ಹಿಡೀತೀವಿ."

ಮೇಲ್ವಿಚಾರಕಿ ನಿಯಮ ಓದಿದಳು. ನಿಯಮದಲ್ಲಿ ಮಂಚದ ಮಾತಿದೆ, ಮಂಚದ ನಡುವಿನ ಸಂದಿಯ ಮಾತಿಲ್ಲ ಎಂದಳು ಕಂಡಕ್ಟರಮ್ಮ. ಆಗ ಮೂವರೂ ಹೊದಿಕೆ ಸರಿಸಿ ಎದ್ದರು. ಒಬ್ಬಳು ಬೈದುಕೊಂಡೇ ಎದ್ದಳು, ಇನ್ನೊಬ್ಬಳಿಗೆ ನಿಲ್ಲಲೂ ತ್ರಾಣವಿರಲಿಲ್ಲ, ಆದರೂ ಮಂಚದ ಕಾಲು ಹಿಡಿದಳು. ಕಬ್ಬಿಣ ನೆಲಕ್ಕೆ ಉಜ್ಜಿ ಕಿವಿ ಕೊರೆಯುವಂತೆ ಕಿರುಗುಟ್ಟಿತು. ಐದೂ ಮಂಚ ಒತ್ತಾಗಿ ನಿಂತಮೇಲೆ ಮೇಲ್ವಿಚಾರಕಿ, ನಾನೇನೂ ನೋಡಿಲ್ಲ ಎಂದು ಪಟ್ಟಿ ಮಡಚಿಕೊಂಡು ಹೋದಳು.

ಹೊಸಬಳು ಸಂಜೆಗೆ ಬಂದಳು. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತು, ನನ್ನದು ಯಾವುದು ಎಂದು ಕೇಳಿದಳು. ಎಲ್ಲರೂ ಟೈಲರಮ್ಮನನ್ನೇ ನೋಡುತ್ತಿದ್ದರು.

ಟೈಲರಮ್ಮ ತನ್ನ ದಿಂಬು ಎತ್ತಿ ಕಂಡಕ್ಟರಮ್ಮನ ದಿಂಬಿನ ಪಕ್ಕಕ್ಕೆ ಹಾಕಿದಳು.

"ನಿಮ್ಮನ್ನ ನಾನು ಕ್ಷಮಿಸಿಲ್ಲ," ಎಂದಳು.

"ನಾನೆಲ್ಲಿ ಕೇಳಿದೆ? ಸ್ವಲ್ಪ ಸರೀರಿ, ಅವರು ನಿಂತೇ ಇದ್ದಾರೆ."

ಟೈಲರಮ್ಮ ಸರಿದಳು. ಹೊಸಬಳು ಪೆಟ್ಟಿಗೆ ಕೆಳಗಿಟ್ಟು, ಹಾಸಿಗೆಯ ಅಂಚಿನಲ್ಲಿ ಕುಳಿತು, ಚಪ್ಪಲಿ ಬಿಡತೊಡಗಿದಳು.