ಏರಿನಲ್ಲಿ ಹತ್ತುವ ಹಳದಿ ದೀಪ

ಕಾರಿನ ಕೀಲಿ ಗಂಡ ಪೂರ್ಣೇಶನ ಅಂಗಿಯ ಜೇಬು ಸೇರಿದ ಮೇಲೆ ಚೈತ್ರಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೀರ್ಥಹಳ್ಳಿಯ ರಕ್ತಪರೀಕ್ಷಾ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಸಕ್ಕರೆ ಪರೀಕ್ಷೆಗೆಂದು ಬರಿಹೊಟ್ಟೆಯಲ್ಲಿ ಬಂದವರು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಗಾಡಿಯಿದ್ದಾಗ ಮೇಳಿಗೆಯ ಮನೆಯಿಂದ ಹೊರಟು ಅವರಿಗಿಂತ ಮುಂಚೆ ತಲುಪುತ್ತಿದ್ದಳು. ಈಗ ಬಸ್ಸು. ಅದು ಬಂದಾಗ ಬಂತು.

ಆದದ್ದು ಇಷ್ಟು. ದೀಪಾವಳಿ ಕಳೆದ ಮೇಲೆ ಅತ್ತೆ ಸರೋಜಮ್ಮನನ್ನು ಕೂರಿಸಿಕೊಂಡು ಚೈತ್ರಾ ಕಾರ್ಗಲ್ಲಿಗೆ ಹೋಗಿದ್ದಳು. ಪೂರ್ಣೇಶನ ಅಕ್ಕ ಧನ್ಯಶ್ರೀಯ ಮನೆ ಅಲ್ಲಿ. ವಾಪಸು ಬರುವಾಗ ಹೊಸನಗರದ ಹತ್ತಿರ ರಸ್ತೆ ಅಗೆದಿದ್ದರು. ಒಳದಾರಿಯಲ್ಲಿ ಒಂದು ಹಳ್ಳ ದಾಟಬೇಕಾಯಿತು. ನೀರು ಚಕ್ರದ ಅರ್ಧಕ್ಕೂ ಬರಲಿಲ್ಲ. ದಾಟಿದಳು, ಮನೆಗೆ ಬಂದಳು. ಅದಾಗಿ ವಾರ ಕಳೆಯುವುದರೊಳಗೆ ಏರು ಹತ್ತುವಾಗ ಮೀಟರಿನ ಪಕ್ಕ ಎಂಜಿನ್ನಿನ ಹಳದಿ ದೀಪ ಹತ್ತಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಮುದಿ ಎಮ್ಮೆಯಂತೆ ತೆವಳಿತು.

ಸರೋಜಮ್ಮನಿಗೆ ಕಥೆ ಹೇಳುವುದೆಂದರೆ ಊಟಕ್ಕಿಂತ ಇಷ್ಟ. ಹಳ್ಳದ ನೀರು ಮೊದಲ ಸಲ ಹೇಳುವಾಗ ಚಕ್ರದಷ್ಟಿತ್ತು, ನೆಂಟರು ಬಂದಾಗ ಬಾಗಿಲಿಗೆ ಬಂತು, ಧನ್ಯಶ್ರೀಗೆ ಫೋನಿನಲ್ಲಿ ಹೇಳುವಾಗ ಬಾನೆಟ್ಟಿನ ಮೇಲೆ ಹರಿಯಿತು. ಸೊಸೆಯ ಧೈರ್ಯವನ್ನು ಹೊಗಳಲೆಂದೇ ಹೇಳಿದ್ದು. ಆದರೆ ಪೂರ್ಣೇಶನಿಗೆ ಅದೇ ಸಾಕ್ಷಿಯಾಯಿತು.

"ಎಂಜಿನ್ನಿಗೆ ನೀರು ನುಗ್ಸಿದ್ದಾಳೆ. ಇನ್ನೆಂತ ನೋಡೋದು ಅದ್ರಲ್ಲಿ," ಎಂದು ಅವನು ಮನೆಯಲ್ಲೂ ಹೇಳಿದ, ಪೇಟೆಯಲ್ಲಿದ್ದ ತನ್ನ ಪಂಪ್‌ಸೆಟ್ ಅಂಗಡಿಯಲ್ಲೂ ಹೇಳಿದ, ಸಾಗರದಲ್ಲಿ ನಡೆದ ನೆಂಟರ ಮದುವೆಯ ಊಟದ ಪಂಕ್ತಿಯಲ್ಲೂ ಹೇಳಿದ. ಧನ್ಯಶ್ರೀ ಎಲೆಯ ಮುಂದೆ ಕೂತಲ್ಲಿಂದಲೇ ಚೈತ್ರಾಳ ಕಡೆ ತಿರುಗಿ, "ಹೋಗ್ಲಿ ಬಿಡು, ಹೊಸಬರಿಗೆ ಅಂದಾಜು ಸಿಗಲ್ಲ," ಎಂದಳು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಗ್ಯಾರೇಜಿನವರು ಕಂಪ್ಯೂಟರ್ ಹಚ್ಚಿ ದೋಷದ ಕೋಡ್ ನೋಡಿದರು. ಪಿ-೦೨೯೯ ಎಂದು ಬಂತು. ಟರ್ಬೋ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ, ಸಾಕಷ್ಟು ಒತ್ತಡ ಕೊಡುತ್ತಿಲ್ಲ ಎಂದು ಅದರ ಅರ್ಥ. ಒಂದು ಸೆನ್ಸರ್ ಬದಲಾಯಿಸಿ ಕೋಡ್ ಅಳಿಸಿ ಕಳಿಸಿದರು. ಮೂರು ದಿನಕ್ಕೆ ದೀಪ ಮತ್ತೆ ಹತ್ತಿತು. ಪೂರ್ಣೇಶ ಕೀಲಿ ತಾನಿಟ್ಟುಕೊಂಡು ಗಾಡಿ ಮಾರುವ ಮಾತೆತ್ತಿದ. ಭಾನುವಾರ ಹೊಸನಗರದಿಂದ ಒಬ್ಬರು ನೋಡಲು ಬರುವುದೆಂದೂ ಆಯಿತು.

ಚೈತ್ರಾಳನ್ನು ಕಾಡುತ್ತಿದ್ದದ್ದು ಗಾಡಿ ಹೋಗುತ್ತದಲ್ಲ ಎಂಬುದಲ್ಲ. ತನ್ನಿಂದಲೇ ಕೆಟ್ಟದ್ದೋ ಅಲ್ಲವೋ ಎಂಬುದೇ ಗೊತ್ತಾಗದೆ ಹೋಗುತ್ತದಲ್ಲ ಎಂಬುದು. ಲ್ಯಾಬಿನಲ್ಲಿ ಯಾರದಾದರೂ ಸಕ್ಕರೆ ಹೆಚ್ಚು ತೋರಿಸಿದರೆ ಅವಳು ಮೊದಲು ಕೇಳುವುದು, "ಬೆಳಿಗ್ಗೆ ಕಾಫಿ ಕುಡ್ಕೊಂಡು ಬಂದ್ರಾ?" ಎಂದು. ಅಂಕಿ ಒಂದು ಸುಳಿವು, ಅಷ್ಟೇ. ಗಾಡಿಯ ವಿಷಯದಲ್ಲಿ ಮಾತ್ರ ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಸೂಜಿ ಹಿಡಿದ ಕೈಗೂ ಈಗೀಗ ಆ ಚಡಪಡಿಕೆ ಇಳಿಯುತ್ತಿತ್ತು. ಒಬ್ಬ ಅಜ್ಜಿಗೆ ಎರಡು ಸಲ ಚುಚ್ಚಬೇಕಾಯಿತು. ಅವತ್ತೇ ಅವಳು ಆನ್‌ಲೈನಿನಲ್ಲಿ ಕೋಡ್ ಓದುವ ರೀಡರ್ ತರಿಸಿದಳು. ಬೆಂಕಿಪೊಟ್ಟಣಕ್ಕಿಂತ ಸಣ್ಣದು. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದರೆ ಎಂಜಿನ್ನಿನ ಒಳಗಿನ ಅಂಕಿಗಳೆಲ್ಲ ಮೊಬೈಲಿಗೆ ಬರುತ್ತಿದ್ದವು.

ಶನಿವಾರ ಪೂರ್ಣೇಶ ಅಂಗಡಿಗೆ ಹೋದ ಕೂಡಲೇ ಚೈತ್ರಾ ಮಾವ ದುಗ್ಗಪ್ಪನವರ ಮುಂದೆ ನಿಂತಳು. ಗಾಡಿಯ ಇನ್ನೊಂದು ಕೀಲಿ ಅವರ ಬೀರುವಿನಲ್ಲಿತ್ತು.

"ಮಾವ, ನೀವು ಗಾಡಿ ಓಡ್ಸಿ. ನಾನು ಅಂಕಿ ನೋಡ್ತೀನಿ."

ದುಗ್ಗಪ್ಪ ಪ್ರಾಯದಲ್ಲಿ ಜೀಪು ಓಡಿಸಿದವರು. "ಪೂರ್ಣೇಶ ಬೇಡ ಅಂದಿದ್ದಾನಲ್ಲ."

"ನಾನು ಓಡ್ಸೋದು ಬೇಡ ಅಂದಿದ್ದಾರೆ. ನೀವಲ್ಲ."

ಅವರು ಮೀಸೆಯಡಿಯಲ್ಲೇ ನಕ್ಕು ಎದ್ದರು.

ಹೊರಡುವ ಮೊದಲು ಚೈತ್ರಾ ಬಾನೆಟ್ ಎತ್ತಿ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಳು. ನೀರು ನುಗ್ಗಿದ್ದರೆ ಮೊದಲು ಒದ್ದೆಯಾಗಬೇಕಾದದ್ದು ಇದೇ ಕಾಗದ. ಅದು ಗರಿಗರಿಯಾಗಿತ್ತು. ಕೆಸರಿನ ಗೆರೆಯಿಲ್ಲ, ಕಲೆಯಿಲ್ಲ, ಬರೀ ಧೂಳು. ಎದೆ ಒಂದಿಷ್ಟು ಹಗುರಾಯಿತು. ಆದರೆ ತನ್ನ ತಪ್ಪಲ್ಲ ಎಂದಷ್ಟೇ ಹೇಳಿದರೆ ಕೇಳುವವರು ಯಾರು? ಮತ್ತೆ ಯಾವುದರಿಂದ ಕೆಟ್ಟಿತು ಎಂದು ತೋರಿಸಬೇಕಿತ್ತು.

ಏರಿಗೆ ಹೋದರು. ಸಪಾಟು ರಸ್ತೆಯಲ್ಲಿ, ಮೊಬೈಲಿನ ಮೇಲೆ, ಎಂಜಿನ್ ಕೇಳಿದ ಗಾಳಿಯ ಒತ್ತಡಕ್ಕೂ ಟರ್ಬೋದಿಂದ ಸಿಕ್ಕ ಒತ್ತಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಏರು ಶುರುವಾಗಿ ದುಗ್ಗಪ್ಪ ಒತ್ತಿ ತುಳಿದಾಗ ಕೇಳಿದ ಒತ್ತಡದ ಗೆರೆ ಮೇಲೆ ಹೋಯಿತು. ಸಿಕ್ಕಿದ್ದರ ಗೆರೆ ಅರ್ಧದವರೆಗೆ ಅದರ ಜೊತೆಗೇ ಹೋಗಿ, ಆಮೇಲೆ ಅಲ್ಲೇ ನಿಂತುಬಿಟ್ಟಿತು. ಹಳದಿ ದೀಪ ಹತ್ತಿತು.

"ಟರ್ಬೋ ಗಾಳಿ ತುಂಬ್ತಾ ಇದೆ ಮಾವ," ಎಂದಳು ಚೈತ್ರಾ. "ದಾರೀಲಿ ಎಲ್ಲೋ ಸೋರ್ತಿದೆ. ಜೋರಾಗಿ ಒತ್ತಿದಾಗ ಮಾತ್ರ."

ಮನೆಗೆ ಮರಳಿ ಬಾನೆಟ್ ಎತ್ತಿದಾಗ, ಗಾಳಿ ಹೋಗುವ ದಪ್ಪ ರಬ್ಬರ್ ಹೋಸುಗಳು ಮೇಲಿನಿಂದ ನೋಡಿದರೆ ಸರಿಯಾಗಿಯೇ ಇದ್ದವು. ಸೈಕಲ್ ಟ್ಯೂಬಿನ ಪಂಚರ್ ಹುಡುಕುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಅದನ್ನೇ ಇಲ್ಲೂ ಮಾಡಬೇಕು ಅನ್ನಿಸಿತು. ಗಾಡಿ ತಣಿಯುವುದನ್ನು ಕಾಯುತ್ತಾ ಅಂಗಳದ ಉದ್ದಗಲ ಓಡಾಡಿದಳು. ಪೈಪಿನ ಸಾಮಾನಿನಲ್ಲಿ ಒಂದು ಪಿವಿಸಿ ಮುಚ್ಚಳ ಸಿಕ್ಕಿತು. ದುಗ್ಗಪ್ಪ ಅದಕ್ಕೆ ತೂತು ಕೊರೆದು ಹಳೇ ಜೀಪಿನ ಟ್ಯೂಬಿನ ವಾಲ್ವ್ ಕೂರಿಸಿಕೊಟ್ಟರು. ಟರ್ಬೋಗೆ ಗಾಳಿ ಹೋಗುವ ಬಾಯಿಗೆ ಆ ಮುಚ್ಚಳ ಬಿಗಿದು, ಚಕ್ರಕ್ಕೆ ಗಾಳಿ ಹೊಡೆಯುವ ಸಣ್ಣ ಪಂಪು ಹಚ್ಚಿದರು. ಚೈತ್ರಾ ಬಚ್ಚಲಿನಿಂದ ಅಂಟುವಾಳದ ನೊರೆ ಕಲಸಿ ತಂದು ಒಂದೊಂದೇ ಹೋಸಿಗೆ ಬಳಿದಳು.

ಮೇಲೆ ಎಲ್ಲೂ ಗುಳ್ಳೆ ಏಳಲಿಲ್ಲ. ಪಂಪು ಗುರ್ರೆನ್ನುತ್ತಲೇ ಇತ್ತು. ಮಧ್ಯಾಹ್ನವಾಗುತ್ತಿತ್ತು. ಸರೋಜಮ್ಮ ಎರಡು ಸಲ ಊಟಕ್ಕೆ ಕರೆದು, ಉತ್ತರ ಬಾರದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಬಂದು ನಿಂತರು. ಚೈತ್ರಾ ಗಾಡಿಯಡಿ ಗೋಣಿ ಹಾಸಿ ನುಸುಳಿ, ಕೆಳಗಿನ ತಗಡು ಬಿಚ್ಚಿ, ಮುಂದಿನ ಬಂಪರಿನ ಹಿಂದಿದ್ದ ಹೋಸಿನ ಹೊಟ್ಟೆಗೆ ಕೈ ಎಟಕುವಷ್ಟು ದೂರ ನೊರೆ ಬಳಿದಳು. ನೊರೆ ಒಮ್ಮೆಲೇ ಉಬ್ಬಿತು. ಬುಸ್ ಎಂದು ಅವಳ ಮುಖಕ್ಕೇ ಸಿಡಿಯಿತು.

"ಸಿಕ್ತು," ಎಂದಳು. ಕಣ್ಣು ಉರಿಯುತ್ತಿತ್ತು, ಉಜ್ಜಿಕೊಳ್ಳಲಿಲ್ಲ.

ಹೋಸಿನ ಅಡಿಯಲ್ಲಿ ಉಗುರಿನಷ್ಟುದ್ದ ಸೀಳು. ಗಾಳಿಯಿಲ್ಲದಾಗ ಮುಚ್ಚಿಕೊಳ್ಳುತ್ತಿತ್ತು, ಒತ್ತಡ ಬಂದರೆ ಬಾಯಿ ಬಿಡುತ್ತಿತ್ತು. ಅದಕ್ಕೆ ಒರಗಿಕೊಂಡೇ ಒಂದು ಉದ್ದನೆಯ ಬೋಲ್ಟಿನ ತುದಿ ಇತ್ತು. ಆಗುಂಬೆ ಕಡೆಯ ಮಂಜಿಗೆ ಬೇಕೆಂದು ಹೋದ ವರ್ಷ ಪೂರ್ಣೇಶ ಇದೇ ಅಂಗಳದಲ್ಲಿ ಕೂತು ತಾನೇ ಕೂರಿಸಿದ್ದ ಮಂಜಿನ ದೀಪದ ಬೋಲ್ಟು ಅದು. ಗಾಡಿ ಅಲುಗಿದಂತೆಲ್ಲ ದಿನಾ ಒಂದಿಷ್ಟು ಉಜ್ಜಿ ರಬ್ಬರನ್ನು ತಿಂದಿತ್ತು.

ದುಗ್ಗಪ್ಪ ಕಷ್ಟಪಟ್ಟು ಬಗ್ಗಿ ನೋಡಿದರು.

"ಆ ಬೋಲ್ಟು ಹುಡ್ಕಿ ಕೊಟ್ಟಿದ್ದು ನಾನೇ," ಎಂದರು. "ಉದ್ದ ಆಯ್ತು ಅಂತ ಆಗ್ಲೇ ಅನ್ಸಿತ್ತು. ಈಗ ಒಂದು ಕೆಲ್ಸ ಮಾಡಣ. ಹೊಸ ಹೋಸ್ ಹಾಕ್ಸಿ ಸುಮ್ನಿದ್ಬಿಡಣ. ಅವ್ನಿಗೆ ಹೇಳಿದ್ರೆ ಸುಮ್ನೆ ಮಾತಿಗೆ ಮಾತು."

ಚೈತ್ರಾ ಗೋಣಿಯ ಮೇಲೆ ಎದ್ದು ಕೂತಳು. "ಇಲ್ಲ ಮಾವ. ನನ್ನ ಹೆಸ್ರು ಹೇಳೋವಾಗ ಅವ್ರು ಸುಮ್ನಿರ್ಲಿಲ್ಲವಲ್ಲ. ಮದ್ವೆ ಪಂಕ್ತೀಲಿ ಹೇಳಿದ್ದು."

ದುಗ್ಗಪ್ಪ ಸೊಸೆಯ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಸರೋಜಮ್ಮ ನೆಲ ನೋಡುತ್ತಾ, "ನೀರು ಅಷ್ಟೆಲ್ಲ ಇರ್ಲಿಲ್ಲ ಅವತ್ತು," ಎಂದರು.

ಸಂಜೆ ಪೂರ್ಣೇಶ ಬಂದಾಗ ಚೈತ್ರಾ ಏನೂ ವಿವರಿಸಲಿಲ್ಲ. ಹೋಸಿಗೆ ಮತ್ತೆ ನೊರೆ ಬಳಿದು, ಟಾರ್ಚು ಕೈಗೆ ಕೊಟ್ಟು, "ಒಂದ್ಸಲ ಕೆಳಗೆ ನೋಡಿ," ಎಂದು ಪಂಪು ಚಾಲೂ ಮಾಡಿದಳು. ಅವನು ಅಂಗಡಿಯ ಅಂಗಿಯಲ್ಲೇ ಮಲಗಿ ನೋಡಿದ. ಬೆರಳಿಟ್ಟ. ನೊರೆ ಬೆರಳನ್ನು ಸುತ್ತಿ ಉಬ್ಬಿತು. ಅವನು ಹೊರಗೆ ಬರಲು ತಡಮಾಡಿದ.

"ಹಳ್ಳಕ್ಕೆ ಇಳ್ಸಿದ್ದು ಸರಿ ಅಂತ ನಾನು ಈಗ್ಲೂ ಹೇಳಲ್ಲ," ಎಂದ ಎದ್ದು ನಿಂತು.

"ಬೇಡ. ಕೆಟ್ಟಿದ್ದು ಯಾತ್ರಿಂದ ಅಂತ ಹೇಳಿ."

ಅವನು ಒಳಗೆ ಹೋಗಿ ಹೊಸನಗರದವರಿಗೆ ಫೋನ್ ಮಾಡಿ ನಾಳೆ ಬರುವುದು ಬೇಡವೆಂದ. ಆಮೇಲೆ ಸ್ಪ್ಯಾನರ್ ತಂದು, ಯಾರಿಗೂ ಮುಟ್ಟಗೊಡದೆ, ಮಂಜಿನ ದೀಪಗಳೆರಡನ್ನೂ ಬಿಚ್ಚಿಟ್ಟ. ಚೈತ್ರಾಳಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ.

ಹೋಸು ಶಿವಮೊಗ್ಗದಿಂದ ಬಂದದ್ದು ಬುಧವಾರ. ಪೂರ್ಣೇಶನೇ ಕೂರಿಸಿದ, ಚೈತ್ರಾ ರೀಡರ್ ಹಚ್ಚಿ ಕೋಡ್ ಅಳಿಸಿದಳು. ಅವನು ಡ್ರೈವರ್ ಸೀಟಿನ ಕಡೆ ನಡೆದಾಗ ಅವಳು ಆಗಲೇ ಅಲ್ಲಿ ಕೂತಿದ್ದಳು. ಅವನು ಸುತ್ತಿ ಬಂದು ಪಕ್ಕದಲ್ಲಿ ಕೂತ. ಹಿಂದೆ ಮಾವನೂ ಅತ್ತೆಯೂ ಹತ್ತಿಕೊಂಡರು.

ಏರಿನಲ್ಲಿ ಚೈತ್ರಾ ಮೊದಲ ತಿರುವು ದಾಟಿದಳು, ಒತ್ತಿ ತುಳಿದಳು. ಗಾಡಿ ಮುಂದಕ್ಕೆ ಚಿಮ್ಮಿತು. ಮೊಬೈಲಿನಲ್ಲಿ ಎರಡು ಗೆರೆಗಳೂ ಜೊತೆಜೊತೆಯಾಗಿ ಏರಿದವು. ದೀಪ ಹತ್ತುವ ಜಾಗ ಕಪ್ಪಾಗಿಯೇ ಇತ್ತು. ಆದರೂ ಅವಳ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

"ರಸ್ತೆ ನೋಡು ಮಾರಾಯ್ತಿ," ಎಂದ ಪೂರ್ಣೇಶ.

ಮೇಲೆ ತಲುಪಿ ಬದಿಗೆ ನಿಲ್ಲಿಸಿದಳು. "ಧನ್ಯಕ್ಕಂಗೆ ಫೋನ್ ಮಾಡಿ," ಎಂದಳು. "ನೀವೇ ಹೇಳ್ಬೇಕು."

ಪೂರ್ಣೇಶ ಹಿಂದಕ್ಕೆ ತಿರುಗಿ ಅಪ್ಪನನ್ನು ನೋಡಿದ. ದುಗ್ಗಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಅವನು ಇಳಿದು, ಸಿಗ್ನಲ್ ಸಿಗುವ ಕಡೆ ನಾಲ್ಕು ಹೆಜ್ಜೆ ಹೋಗಿ ಮೊಬೈಲ್ ಕಿವಿಗಿಟ್ಟ.

"ಹ್ಞಾಂ ಅಕ್ಕ, ಗಾಡಿ ಸರಿ ಆಯ್ತು. ಇಲ್ಲ, ನೀರಲ್ಲ. ಚೈತ್ರಾ ಕೆಡ್ಸಿದ್ದಲ್ಲ. ನಾನು ಕೂರ್ಸಿದ್ ಲೈಟಿನ ಬೋಲ್ಟು ಹೋಸ್ ತೂತು ಮಾಡಿತ್ತು. ಅವ್ಳೇ ಹುಡುಕಿದ್ದು."

ಕಾರ್ಗಲ್ಲಿನಲ್ಲಿ ಧನ್ಯಶ್ರೀಗೆ ಸರಿಯಾಗಿ ಕೇಳಿಸಲಿಲ್ಲವೆಂದು ಕಾಣುತ್ತದೆ. ಅವನು ಇನ್ನೊಂದು ಕಿವಿ ಮುಚ್ಚಿಕೊಂಡು ಅದನ್ನೇ ಮೊದಲಿನಿಂದ, ಆ ಗುಡ್ಡಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ, ಮತ್ತೊಮ್ಮೆ ಹೇಳಬೇಕಾಯಿತು.