ಐದು ಹಳದಿ ಗೆರೆ

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರೆಲ್ಲ ಆ ಮೆಕ್ಯಾನಿಕ್‌ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಈ ಬಿರುದು ಅವನ ಕೈಗಿಂತ ಬಾಯಿಗೆ ಸಂದದ್ದು. ಗಾಳಿ ಹೊಡೆಸಿಕೊಳ್ಳಲು ಬಂದವರಿಗೂ ಅರ್ಧ ಗಂಟೆ ಪಾಠ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ಗಾಡಿ ತಗ್ಗಾಗಿ ಕಾಣಲಿ ಅಂತ ಸ್ಪ್ರಿಂಗ್ ಕತ್ತರಿಸಬೇಡಿ, ಇಂಜಿನ್ನಿನ ಜೋರು ಹೆಚ್ಚಿಸೋ ಮೊದಲು ಬ್ರೇಕ್ ಗಟ್ಟಿ ಮಾಡಿಸಿ. ಈ ಪಾಠಗಳನ್ನೆಲ್ಲ ವಿಡಿಯೊ ಮಾಡಿ ಹಾಕುತ್ತಿದ್ದ, ಸಾವಿರಾರು ಜನ ನೋಡುತ್ತಿದ್ದರು. ಪ್ರತಿ ವಿಡಿಯೊದ ಕೊನೆಗೂ ಒಂದೇ ಮಾತು: "ಹೊಸ ಚಕ್ರ ಹಾಕಿಸಿದ್ರೆ ಎಂಬತ್ತು ಕಿಲೋಮೀಟರ್ ಆದ್ಮೇಲೆ ನಟ್ಟು ಮತ್ತೆ ಬಿಗಿ ಮಾಡಿಸಿ. ಮರೆತ್ರೆ ನನ್ನನ್ನ ಬೈಬೇಡಿ."

ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವಳು ಒಬ್ಬಳೇ, ಅವನ ಅತ್ತಿಗೆ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಐವತ್ತೆರಡನೇ ವಯಸ್ಸಿನಲ್ಲಿ ಆಕೆ ಎರಡೇ ಸೀಟಿನ ಕೆಂಪು ಗಾಡಿ ಕೊಂಡಾಗ, "ತಿಂಗಳೊಳಗೆ ಕೀ ವಾಪಸ್ ಕೊಡ್ತಾಳೆ, ನೋಡ್ತಿರು" ಎಂದು ಅವನ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಒಂದೂವರೆ ವರ್ಷವಾಗಿತ್ತು. ಅತ್ತಿಗೆ ಕೀ ಕೊಟ್ಟಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಆ ಕೆಂಪು ಗಾಡಿ ಲಾರಿಯ ಬೆನ್ನೇರಿ ಗ್ಯಾರೇಜಿಗೆ ಬಂತು. ಹಿಂದಿನ ಎಡಚಕ್ರ ಸೊಟ್ಟಗೆ ನಿಂತಿತ್ತು, ಅದರ ಮೇಲಿನ ತಗಡು ಮುದುಡಿತ್ತು. ಅತ್ತಿಗೆ ಲಾರಿಯಿಂದಿಳಿದವಳೇ ಹೇಳಿದಳು: "ತಪ್ಪು ನಂದೇ ಕಣೋ. ನೀನು ಎಂಬತ್ತು ಅಂದಿದ್ದೆ. ನಾನು ಮೀಟರ್ ನೋಡೋ ಹೊತ್ತಿಗೆ ಎಂಬತ್ತಾರು ಆಗಿತ್ತು. ಇಲ್ಲಿಗೇ ಬರ್ತಿದ್ದೆ, ಅಷ್ಟರಲ್ಲಿ ಚಕ್ರ ಸೊಟ್ಟಗಾಯ್ತು."

"ಏಟೇನಾದ್ರೂ ಬಿತ್ತಾ?"

"ಇಲ್ಲ. ತಿರುವಲ್ವಾ, ನಿಧಾನಕ್ಕೆ ಹೋಗ್ತಿದ್ದೆ."

ಗಾಡಿ ಇಳಿಸಿದ ಮೇಲೆ ಅವನು ಬಗ್ಗಿ ನೋಡಿದ. ಐದು ನಟ್ಟುಗಳಲ್ಲಿ ಎರಡು ಮಾಯ, ಉಳಿದ ಮೂರು ಬೆರಳಲ್ಲೇ ತಿರುಗುತ್ತಿದ್ದವು. ಮೂರರ ಮೇಲೂ ಅವನೇ ಎಳೆದ ಹಳದಿ ಗೆರೆ.

ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಯುವುದು, ಅದು ಟಕ್ ಅಂದರೆ ಸಾಕಷ್ಟು ಬಿಗಿಯಾಯಿತೆಂದು ನಿಲ್ಲಿಸುವುದು, ಆಮೇಲೆ ಬಿಗಿದದ್ದರ ಗುರುತಾಗಿ ನಟ್ಟಿನಿಂದ ಚಕ್ರದವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯುವುದು, ಇದು ಅವನ ಪದ್ಧತಿ. ಆದರೆ ಹೋದ ಶನಿವಾರ ಈ ಗಾಡಿಗೆ ಹೊಸ ಚಕ್ರ ಹಾಕುವಾಗ ವಿಡಿಯೊ ನಡೆಯುತ್ತಿತ್ತು. ಬಾಗಿಲಿನ ಬಿಸಿಲು ಜಾರುತ್ತಿತ್ತು. ಹಳದಿ ಚೆನ್ನಾಗಿ ಕಾಣಲಿ ಎಂದು ಈ ಚಕ್ರಕ್ಕೆ ಗೆರೆಗಳನ್ನು ಮೊದಲು ಎಳೆದಿದ್ದ, ಬಿಗಿಯುವುದು ಆಮೇಲೆ ಎಂದುಕೊಂಡು. ಅಷ್ಟರಲ್ಲಿ ಯಾರೋ ಫೋನ್ ಮಾಡಿ ವಿಡಿಯೊಗಳನ್ನು ಹೊಗಳಿದರು. ಹೊಗಳಿಕೆ ಮುಗಿಯುವ ಹೊತ್ತಿಗೆ ಆಮೇಲೆ ಎಂಬುದು ಮರೆತೇಹೋಗಿತ್ತು.

ಬೆಂಚಿನ ಮೇಲೆ ಕಾಯುತ್ತಿದ್ದ ಮೂವರು ಗಿರಾಕಿಗಳು ಎದ್ದು ಬಂದು ಸುತ್ತ ನಿಂತರು. ಆಗ ಆ ಬಾಯಿ, ಛೀ, ಎಂಥ ಬಾಯಿ ಅದು, ತಾನಾಗಿ ತೆರೆದುಕೊಂಡಿತು. "ಅದಕ್ಕೇ ನಾನು ಬಡ್ಕೊಳ್ಳೋದು ಅತ್ತಿಗೆ! ಎಂಬತ್ತು ಅಂದ್ರೆ ಎಂಬತ್ತು. ನೀವೇ ಹೀಗ್ಮಾಡಿದ್ರೆ ಬೇರೆಯವ್ರಿಗೆ ಏನು ಹೇಳ್ಲಿ?"

ಅತ್ತಿಗೆಯ ಮುಖ ಕೆಂಪಾಯಿತು. ಅಷ್ಟು ಜನರೆದುರು ತಲೆ ತಗ್ಗಿಸಿದಳು. ಆಮೇಲೆ ಚೀಲದಿಂದ ಕೀ ತೆಗೆದು ಬೆಂಚಿನ ಮೇಲಿಟ್ಟಳು.

"ಇಟ್ಕೊ. ನಿಮ್ಮಣ್ಣ ಹೇಳಿದ್ದೇ ಸರಿ. ಆಗಿನಿಂದ ಕೈ ನಡುಗ್ತಾನೇ ಇದೆ. ಸಂಜೆ ಬರೋ ಪೇಷೆಂಟುಗಳಿಗೂ ಬರಬೇಡಿ ಅಂದ್ಬಿಟ್ಟೆ. ಒಂದು ಲೆಕ್ಕ ನೆನಪಿಟ್ಕೊಳ್ಳೋಕಾಗದೋಳು ಇನ್ನೊಬ್ಬರ ಬಾಯಿಗೆ ಡ್ರಿಲ್ ಹಿಡೀಬಾರದು." ಮತ್ತೆ ಅಂದಳು: "ಇದನ್ನೂ ವಿಡಿಯೊ ಮಾಡು. ನನ್ನ ಮುಖ ತೋರಿಸಿದ್ರೂ ಪರವಾಗಿಲ್ಲ. ನಾಲ್ಕು ಜನಕ್ಕೆ ಬುದ್ಧಿ ಬರ್ಲಿ."

ಗಿರಾಕಿಯೊಬ್ಬ ಆಗಲೇ ಫೋನ್ ಎತ್ತಿ ಹಿಡಿದಿದ್ದ. ತಾನು ಏನು ಹೇಳಿದರೂ ಅತ್ತಿಗೆ ನಂಬುತ್ತಾಳೆ, ಅದನ್ನೇ ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ.

"ಆರು ಕಿಲೋಮೀಟರಿಗೆ ಯಾವ ನಟ್ಟೂ ಕಳಚಲ್ಲ ಅತ್ತಿಗೆ," ಎಂದ, ನೆಲ ನೋಡುತ್ತ. "ಈ ಚಕ್ರಾನ ನಾನು ಬಿಗೀಲೇ ಇಲ್ಲ. ಸುಮ್ನೆ ಗೆರೆ ಎಳೆದೆ, ವಿಡಿಯೊಗೆ."

ಎತ್ತಿದ್ದ ಫೋನ್ ಮೆಲ್ಲಗೆ ಕೆಳಗಿಳಿಯಿತು. ಅತ್ತಿಗೆ ತನ್ನ ಕೈಗಳನ್ನೇ ನೋಡಿಕೊಂಡಳು.

"ನನ್ನನ್ನ ಬೈದೆಯಲ್ಲ, ಆಗ ನಿಂಗಿದು ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕೂಗಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಕೀ ಎತ್ತಿ ಚೀಲಕ್ಕೆ ಹಾಕಿಕೊಂಡಳು, ಅಷ್ಟೇ.

"ಉಳಿದ ಮೂರು ಚಕ್ರ?"

"ಅವು ಸರಿಯಾಗಿವೆ ಅತ್ತಿಗೆ. ನಿಮ್ಮಾಣೆ."

"ಸ್ಪ್ಯಾನರ್ ಕೊಡು. ನಾನೇ ನೋಡ್ತೀನಿ. ನೀನು ಪಕ್ಕದಲ್ಲಿ ನಿಂತು ಹೇಳ್ಕೊಡು."

ಅವಳು ಮಂಡಿಯೂರಿ ಕೂತಳು. ಅವನು ಹೇಳಿಕೊಟ್ಟ: ಸುತ್ತಿನ ಸಾಲಿನಲ್ಲಿ ಬೇಡ, ಒಂದು ಬಿಟ್ಟು ಒಂದು, ಟಕ್ ಅಂದ ಕೂಡಲೇ ಕೈ ನಿಲ್ಲಿಸಿ. ಜೀವಮಾನದಲ್ಲೇ ಅವನು ಮಾಡಿದ ಅತಿ ಚಿಕ್ಕ ಪಾಠ ಅದು. ಹಿಂದಿನ ಬಲಚಕ್ರ, ಐದಕ್ಕೆ ಐದೂ ಮುಟ್ಟಿದ ಕೂಡಲೇ ಟಕ್. ಮುಂದಿನ ಬಲ, ಹಾಗೆಯೇ. ಅವಳ ಕೈ ಈಗ ನಡುಗುತ್ತಿರಲಿಲ್ಲ. ಮುಂದಿನ ಎಡಚಕ್ರದ ಕೊನೆಯ ನಟ್ಟಿಗೆ ಸ್ಪ್ಯಾನರ್ ಇಟ್ಟು ಒತ್ತಿದಳು. ಅದು ಸದ್ದಿಲ್ಲದೆ ಕಾಲು ಸುತ್ತು ತಿರುಗಿತು, ಹಳದಿ ಗೆರೆ ಎರಡು ತುಂಡಾಯಿತು, ಆಮೇಲೆ ಟಕ್ ಎಂದಿತು.

ಅತ್ತಿಗೆ ತಲೆಯೆತ್ತಿ ಅವನನ್ನು ನೋಡಲೂ ಇಲ್ಲ.

"ಆ ಪೆನ್ನು ಇಲ್ಲಿ ಕೊಡು," ಎಂದು ಕೈ ಚಾಚಿದಳು.

ಅವನು ಕೊಟ್ಟ.