ಮಾತಾಡದ ನಂಬರು

ಪುರುಷೋತ್ತಮನಿಗೆ ನಾನು ರಿಂಗ್ ಕೊಡುತ್ತೇನೆ, ಅವನು ಕಟ್ ಮಾಡುತ್ತಾನೆ. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಫೋನಿನಲ್ಲಿ ನಡೆದದ್ದು ಇಷ್ಟೇ. ಒಂದು ಹಲೋ ಕೂಡ ಆಡಿದವರಲ್ಲ.

ಅದಕ್ಕೆ ಕಾರಣ ಉಂಟು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಗದ್ದೆ ಅಂಚು ಹಿಡಿದು ರಸ್ತೆಯ ಮೋರಿಕಟ್ಟೆಯವರೆಗೆ ಬಂದರೆ ಒಂದೋ ಎರಡೋ ಕಡ್ಡಿ ಕಾಣಿಸುತ್ತದೆ. ಅಲ್ಲಿಂದ ಮಾತಾಡಿದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಅವನಾದರೂ ಅಷ್ಟು ಹೊತ್ತಿಗೆ ಜಯಪುರದ ಶಾಲೆ ಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಯಾವುದೋ ತಿರುವಿನಲ್ಲಿರುತ್ತಾನೆ. ಹಾಗಾಗಿ ಮೊದಲೇ ಹೇಳಿಬಿಟ್ಟಿದ್ದ.

"ಸಣ್ಣಕ್ಕ, ಸುಮ್ನೆ ಹಲೋ ಹಲೋ ಅಂತ ಗಂಟಲು ಹರ್ಕಳದು ಬ್ಯಾಡ. ನೀವು ರಿಂಗ್ ಕೊಡಿ. ನಾನು ಕಟ್ ಮಾಡಿದ್ರೆ ಹೊರಟೆ ಅಂತ ತಿಳ್ಕಳಿ."

ನಮ್ಮ ಕಡೆ ಎಲ್ಲರ ವ್ಯವಹಾರವೂ ಹೀಗೆಯೇ. ಬಸ್ಸು ಹತ್ತಿದ್ದಕ್ಕೆ ಒಂದು ರಿಂಗು, ಕರೆಂಟು ಬಂದದ್ದಕ್ಕೆ ಒಂದು ರಿಂಗು. ಕಟ್ ಮಾಡಿದರೆ ಸುದ್ದಿ ಮುಟ್ಟಿತು ಎಂದರ್ಥ.

ನನ್ನ ಗಂಡ ಕೃಷ್ಣಪ್ಪನವರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಕೊಪ್ಪಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಮುಖ ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವರಿಗಿಲ್ಲ. ಆದ್ದರಿಂದ ಪುರುಷೋತ್ತಮನ ಜೀಪು. ಮದುವೆ, ತಿಥಿ, ಹಬ್ಬ ಒಂದೂ ನೋಡದೆ ಎರಡು ವರ್ಷ ಹೀಗೇ ಓಡಾಡಿದ್ದೇವೆ. ನಾನು ಹೊತ್ತಿಗೆ ಮುಂಚೆ ಎದ್ದು ದನದ ಹಟ್ಟಿ ಕೆಲಸ ಮುಗಿಸಿ, ಗಂಜಿ ಬೇಯಿಸಿ, ಮೋರಿಗೆ ಹೋಗಿ ರಿಂಗ್ ಕೊಟ್ಟು ಬರುವಷ್ಟರಲ್ಲಿ ಒಂದು ದಿನದ ಸುಸ್ತು ಬೆಳಿಗ್ಗೆಯೇ ಆಗಿರುತ್ತದೆ.

ಒಂದು ಸೋಮವಾರ ಡಯಾಲಿಸಿಸ್ಸಿಗೆ ಹೋಗಬೇಕಿತ್ತು; ಅದರ ಹಿಂದಿನ ರಾತ್ರಿ, ಪುರುಷೋತ್ತಮ ಚಾರ್ಜಿಗಿಟ್ಟು ಮಲಗಿದ್ದಾಗ, ಅವನ ಫೋನು ಅಪ್‌ಡೇಟ್ ಆಗಿತ್ತು. ಇದು ನಮಗೆ ತಿಳಿದದ್ದು ಆಮೇಲೆ. ಅಪ್‌ಡೇಟ್ ಎಂಬ ಶಬ್ದ ಕೇಳಿದರೇ ನನಗೆ ಮೈ ಉರಿಯುತ್ತದೆ. ನಾವು ಮಲಗಿದ್ದಾಗ ಯಾರೋ ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬ ಸಕ್ಕರೆ ಡಬ್ಬ ಅದಲುಬದಲು ಮಾಡಿಟ್ಟು, "ನಿಮ್ಮ ಅನುಕೂಲಕ್ಕೆ" ಎಂದು ಚೀಟಿ ಅಂಟಿಸಿ ಹೋದ ಹಾಗೆ. ನನ್ನ ಫೋನು ದಿನಾ ಕೇಳುತ್ತದೆ, ನಾನು ದಿನಾ "ನಂತರ" ಒತ್ತುತ್ತೇನೆ. ಮಗಳು ಅರ್ಪಿತಾ ನಗುತ್ತಾಳೆ. ಅವಳು ಬಾಳಗಡಿಯ ಕಾಲೇಜಿಗೆ ಹೋಗುವವಳು, ಹೊಸತೇನು ಬಂದರೂ ಮೊದಲು ಅವಳಿಗೇ ಬೇಕು.

ಸೋಮವಾರ ಬೆಳಿಗ್ಗೆ ಅರ್ಪಿತಾ ಮೊದಲ ಬಸ್ಸಿಗೆ ಹೋದ ಮೇಲೆ ನಾನು ಮೋರಿಗೆ ಹೋಗಿ ರಿಂಗ್ ಕೊಟ್ಟೆ. ಕಟ್ ಆಯಿತು. ದಿನಕ್ಕಿಂತ ಸ್ವಲ್ಪ ಬೇಗನೇ ಆಯಿತು. ಆಸಾಮಿ ಫೋನು ಕೈಯಲ್ಲೇ ಹಿಡಿದಿದ್ದಾನೆ ಎಂದುಕೊಂಡು ಮನೆಗೆ ಬಂದು ಇವರನ್ನು ಹೊರಡಿಸಿದೆ. ಇಬ್ಬರೂ ರಸ್ತೆಗೆ ಬಂದು ಮೋರಿಕಟ್ಟೆಯ ಮೇಲೆ ಕೂತೆವು.

ಜೀಪು ಬರಲಿಲ್ಲ. ಶಾಲೆ ಮಕ್ಕಳದ್ದೇನೋ ರಗಳೆ ಇರಬೇಕು ಎಂದು ಕಾದೆವು. ಬಿಸಿಲು ಏರಿತು. ಮತ್ತೆ ರಿಂಗ್ ಕೊಟ್ಟೆ, ಮತ್ತೆ ಕಟ್. ಬರ್ತಾ ಇದ್ದೀನಿ, ತಲೆ ತಿನ್ನಬೇಡಿ ಎಂದು ನಾನು ಅರ್ಥ ಮಾಡಿಕೊಂಡೆ. ಇನ್ನೊಮ್ಮೆ ಕೊಟ್ಟಾಗಲೂ ಕಟ್ ಆದಾಗ ಸಿಟ್ಟು ಬಂತು. ಬೇರೆ ಗಾಡಿಗೆ ಹೇಳೋಣವೆಂದರೆ, ಬರುತ್ತೇನೆ ಎಂದವನನ್ನು ಬಿಟ್ಟು ಹೇಗೆ ಹೇಳುವುದು? ಅವನು ಅಷ್ಟು ದೂರ ಬಂದು ಖಾಲಿ ಹೋಗಬೇಕಲ್ಲ. ಆ ದಾಕ್ಷಿಣ್ಯಕ್ಕೇ ಕೂತೆವು.

ಕೂತು ಕೂತು ಇವರಿಗೆ ಬೆನ್ನು ನೋವು ಬಂತು. ಕೈ ಹಿಡಿದು ಮನೆಗೆ ಕರೆತಂದೆ. ಜಗಲಿಯಲ್ಲಿ ಒರಗಿಕೊಂಡವರ ಮುಖದಲ್ಲಿ ಬೇಜಾರಿನ ಬದಲು ಒಂದು ನೆಮ್ಮದಿ ಕಂಡಿತು. ರಜೆ ಸಿಕ್ಕಿದ ಹುಡುಗರ ಮುಖದ ಹಾಗೆ.

"ಒಂದು ಚೊಂಬು ನೀರು ಕೊಡು. ಹೊಟ್ಟೆ ತುಂಬ ಕುಡೀಬೇಕು," ಎಂದರು.

"ತಪ್ಪಿದ ದಿನವೇ ನೀರು ಕುಡೀತಾರಾ ಯಾರಾದ್ರೂ? ಉಸಿರಿಗೆ ಏನಾದ್ರೂ ಆದ್ರೆ ನಾನೆಂತ ಮಾಡ್ಲಿ?"

"ಆದ್ರೆ ಆಯ್ತು," ಎಂದರು. ಜೋರಾಗಿ ಹೇಳಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮಧ್ಯಾಹ್ನ ದಾಟಿದ ಮೇಲೆ ಜೀಪಿನ ಸದ್ದು ಕೇಳಿತು. ಎರಡು ಬೈಗುಳ ಬಾಯಲ್ಲಿಟ್ಟುಕೊಂಡು ಹೊರಗೆ ಬಂದೆ. ಪುರುಷೋತ್ತಮ ಅಂಗಳದ ಗೇಟಿನ ಉಣುಗೋಲಿನ ಹತ್ತಿರವೇ ನಿಂತಿದ್ದ. ಒಳಗೆ ಬರಲಿಲ್ಲ. ಹೆಗಲ ಮೇಲೆ ಬಿಳಿ ಟವೆಲ್ಲು. ಅಂಗಳದಲ್ಲಿ ಎಷ್ಟು ಜನರ ಚಪ್ಪಲಿ ಇದೆ ಎಂದು ನೋಡುತ್ತಿದ್ದ. ಜಗಲಿಯಲ್ಲಿದ್ದ ಇವರು ಅವನನ್ನು ಒಮ್ಮೆ, ಟವೆಲ್ಲನ್ನು ಒಮ್ಮೆ ನೋಡಿದರು.

"ಎಂತ ಮಾರಾಯ, ಹೆಣ ಎತ್ತಕ್ಕೆ ಬಂದ್ಯಾ? ಸ್ವಲ್ಪ ಬೇಗ ಬಂದೆ."

ಪುರುಷೋತ್ತಮ ಅಲ್ಲೇ ಮಣ್ಣಿನ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. "ರಿಂಗೇ ಬರ್ಲಿಲ್ಲ ಕೃಷ್ಣಪ್ಪಣ್ಣ. ಶೃಂಗೇರಿಯಿಂದ ಎನ್.ಆರ್.ಪುರದ ಜೈನ ಬಸ್ತಿಗೆ ಹೋಗೋರು ಸಿಕ್ಕಿದ್ರು, ಕರ್ಕೊಂಡು ಹೋದೆ. ದಾರಿ ತುಂಬ ಇದೇ ಯೋಚ್ನೆ. ಸೋಮವಾರ ಸಣ್ಣಕ್ಕ ರಿಂಗ್ ಕೊಡ್ಲಿಲ್ಲ ಅಂದ್ರೆ ಮತ್ತೆಂತ ಅರ್ಥ ಹೇಳಿ."

"ಸುಳ್ಳು ಹೇಳ್ಬೇಡ. ಮೂರು ಸಲ ಕೊಟ್ಟೆ, ಮೂರು ಸಲವೂ ಕಟ್ ಮಾಡಿದೀಯ," ಎಂದು ನಾನು ಫೋನು ತೋರಿಸಿದೆ. ಅವನು ಅವನ ಫೋನು ತೋರಿಸಿದ. ಅದರಲ್ಲಿ ಆವತ್ತು ಬಂದ ಕರೆಗಳ ಪಟ್ಟಿಯಲ್ಲಿ ನನ್ನ ನಂಬರೇ ಇರಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜಗಳ ಆಡಲೂ ಹೊತ್ತಿರಲಿಲ್ಲ.

ಕೊಪ್ಪಕ್ಕೆ ಹೋಗುವಷ್ಟರಲ್ಲಿ ನಮ್ಮ ಮೆಷಿನ್ನಿನಲ್ಲಿ ಬೇರೆಯವರು ಮಲಗಿದ್ದರು. ನರ್ಸ್ ಮೇಘನ ಒಳ್ಳೆಯ ಹುಡುಗಿ. ಬಿಪಿ ನೋಡಿ, ಎದೆ ಪರೀಕ್ಷೆಗೆ ಡಾಕ್ಟರನ್ನು ಕರೆಸಿ, "ನಾಳೆ ಬೆಳಿಗ್ಗೆ ಫಸ್ಟ್ ನೀವೇ. ಅಲ್ಲೀವರೆಗೆ ನೀರು ಕಮ್ಮಿ. ಉಬ್ಬಸ ಬಂದ್ರೆ ಎಷ್ಟೊತ್ತಾದ್ರೂ ಬಂದ್ಬಿಡಿ," ಎಂದಳು.

ಕಾಲೇಜು ಮುಗಿಸಿ ಅರ್ಪಿತಾ ಎಂದಿನಂತೆ ಅಲ್ಲಿಗೇ ಬಂದಳು. ನಡೆದದ್ದು ಕೇಳಿ ಪುರುಷೋತ್ತಮನ ಫೋನು ತೆಗೆದುಕೊಂಡು ಎಲ್ಲೆಲ್ಲೋ ಒತ್ತಿದಳು. ಗಡಿಯಾರ ದಪ್ಪಗಾಗಿದೆ, ಬಣ್ಣ ಬದಲಾಗಿದೆ, ಇದ್ದದ್ದೊಂದೂ ಇದ್ದಲ್ಲಿ ಇಲ್ಲ ಎಂದು ಅವನು ಗೊಣಗುತ್ತಿದ್ದ.

"ಸಿಕ್ತು," ಎಂದಳು. "ಅಮ್ಮ, ಹೊಸ ವರ್ಷನ್ನಲ್ಲಿ ಕಾಟ ಕೊಡೋ ನಂಬರನ್ನ ಫೋನೇ ಕಟ್ ಮಾಡ್ತದೆ. ಪುರುಷೋತ್ತಮಣ್ಣಂಗೆ ರಿಂಗೂ ಕೇಳಲ್ಲ. ಇವರು ಯಾರ ನಂಬರೂ ಸೇವ್ ಮಾಡಲ್ಲ, ಕೊನೇ ಅಂಕಿ ನೋಡಿ ಗುರುತು ಹಿಡಿಯೋದು. ನೀನು ಎರಡು ವರ್ಷದಿಂದ ರಿಂಗ್ ಕೊಡ್ತೀಯ, ಒಂದು ಸಲವೂ ಮಾತಾಡಿಲ್ಲ. ಮಾತೇ ಆಡದ ನಂಬರು ಅಂದ್ರೆ ಯಾವ್ದೋ ಮೋಸದ್ದು ಅಂತ ಅದು ತಿಳ್ಕೊಂಡಿದೆ."

ಅವಳು ಒಪ್ಪವಾಗಿ ಹೇಳಿದಳು. ಆದರೆ ನನಗೆ ಅವಮಾನವಾದ ಹಾಗೆ ಆಯಿತು. ಗಂಡನ ಉಸಿರು ಉಳಿಸಿಕೊಳ್ಳಲು ಬೆಳಗಾಗೆದ್ದು ಮೋರಿಗೆ ಓಡುವವಳು ಕಾಟ ಕೊಡುವವಳಾದೆನಲ್ಲ.

ಮಗಳು ನಂಬರು ಸೇವ್ ಮಾಡಿದಳು. ಪುರುಷೋತ್ತಮನಿಗೆ ಅಷ್ಟರಿಂದ ಧೈರ್ಯ ಬರಲಿಲ್ಲ. "ನಾಳೆಯಿಂದ ನಾನು ಕಟ್ ಮಾಡಲ್ಲ ಸಣ್ಣಕ್ಕ, ಎತ್ತುತೀನಿ. ಕಟ್ ಆದ್ರೆ ಅದು ನಾನಲ್ಲ ಅಂತ ತಿಳ್ಕಂಡು ಬೇರೆ ಗಾಡಿಗೆ ಹೇಳಿ."

ವಾಪಸು ಬರುವಾಗ ಇವರು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮುಖ ಆಗಲೇ ಊದಿತ್ತು. "ನಂಗೂ ವಾರಕ್ಕೆ ಮೂರು ಸಲ ಅಪ್‌ಡೇಟು ಮಾರಾಯ," ಎಂದರು ಪುರುಷೋತ್ತಮನಿಗೆ. "ಒಂದೊಂದು ಸಲಕ್ಕೂ ಇನ್ನಷ್ಟು ಸ್ಲೋ." ಅವನು ನಗಲಿಲ್ಲ, ಅರ್ಪಿತಾ ಕಿಟಕಿಯ ಕಡೆ ತಿರುಗಿದಳು.

ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಕಳೆದರು. ಬೆಳಿಗ್ಗೆ ನಾನು ಫೋನು ಹಿಡಿದು ಹೊರಟಾಗ ಕರೆದರು.

"ಬರೋದು ಬ್ಯಾಡ ಅಂತ ಹೇಳು ಅವನಿಗೆ. ನಿನ್ನೆ ಜೀಪು ಬರ್ಲಿಲ್ಲ ಅಂದಾಗ ನಂಗೆ ಎಷ್ಟು ಸಮಾಧಾನ ಆಯ್ತು ಅಂತ ನಿಂಗೆ ಗೊತ್ತಿಲ್ಲ. ಸಾಕು. ಇನ್ನು ಕರ್ಕೊಂಡು ಹೋಗ್ಬೇಡಿ."

ನಾನು ಗದ್ದೆ ಅಂಚಿನಲ್ಲಿ ನಡೆದೆ. ಮೋರಿಯ ಹತ್ತಿರ ನಿಂತು ರಿಂಗ್ ಕೊಟ್ಟೆ.

"ಹೇಳಿ ಸಣ್ಣಕ್ಕ," ಎಂದ ಪುರುಷೋತ್ತಮ.

ರಿಂಗ್ ಕೊಡುವುದು ಸುಲಭವಾಗಿತ್ತು. ಮಾತಾಡುವುದೆಂದರೆ ಇದ್ದದ್ದನ್ನು ಹೇಳಬೇಕಲ್ಲ.

"ಬರೋದು ಬ್ಯಾಡ ಅಂತ ಹೇಳು ಅಂದಿದಾರೆ ಇವರು. ಇನ್ನು ಯಾವತ್ತೂ ಬ್ಯಾಡ ಅಂತೆ."

ಆ ಕಡೆ ಜೀಪಿನ ಇಂಜಿನ್ನು ಆರಿಸಿದ್ದು ಕೇಳಿತು.

"ಅವರು ಹೇಳಿದ್ದು ಗೊತ್ತಾಯ್ತು. ನೀವೆಂತ ಹೇಳ್ತೀರಿ?"

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ಕೇಳಿಲ್ಲ, ನೆಂಟರು ಕೇಳಿಲ್ಲ, ಇವರೂ ಕೇಳಿಲ್ಲ.

"ನಂಗೂ ಸಾಕಾಗಿದೆ ಪುರುಷೋತ್ತಮ," ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. "ಈ ಮೋರಿ ತನಕ ಬರೋದು ಸಾಕಾಗಿದೆ. ನೀರು ಕೇಳಿದ್ರೆ ಇಲ್ಲ ಅನ್ನೋದು ಸಾಕಾಗಿದೆ. ಒಂದೊಂದು ಸಲ ನಿನ್ನ ಜೀಪು ಬರದೇ ಇರ್ಲಿ ಅಂತ ನಂಗೂ ಅನ್ಸಿದೆ." ಅಳು ಬಂತು, ಅತ್ತೆ. ಅವನು ಹಲೋ ಹಲೋ ಎನ್ನಲಿಲ್ಲ, ಕಾದ. "ಆದ್ರೂ ನೀನು ಬಾ," ಎಂದೆ.

"ಹೊರಟೆ," ಎಂದ.

ಮನೆಗೆ ಬಂದಾಗ ಇವರು ಜಗಲಿಯಲ್ಲಿ ಬರಿಮೈಯಲ್ಲಿ ಕೂತಿದ್ದರು. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದರು.

"ಹೇಳಿದ್ಯಾ?"

"ಹೇಳ್ದೆ. ನೀವು ಬ್ಯಾಡ ಅಂದಿದ್ದೂ ಹೇಳ್ದೆ, ನಂಗೆ ಸಾಕಾಗಿರೋದೂ ಹೇಳ್ದೆ. ಆದ್ರೂ ಬಾ ಅಂದೆ."

"ನಿಂಗೂ ಸಾಕಾಗಿದ್ಯಾ?"

"ಹೂಂ."

ಅವರು ನನ್ನ ಮುಖವನ್ನೇ ನೋಡಿದರು. ಕಾಯಿಲೆ ಬಂದ ಮೇಲೆ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಈ ಮನೆಯಲ್ಲಿ ದಣಿದವರು ತಾವೊಬ್ಬರೇ ಎಂದುಕೊಂಡಿದ್ದರೋ ಏನೋ. ನಾನು ಒಳಗಿನಿಂದ ಅಂಗಿ ತಂದು, ದಿನವೂ ತೊಡಿಸುವಂತೆ ತೋಳು ಬಿಡಿಸಿ ಹಿಡಿದೆ.

ಅವರು ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಿಸಾಡುತ್ತಾರೆ ಎಂದುಕೊಂಡೆ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈಯನ್ನು ನಿಧಾನವಾಗಿ ತೋಳಿನೊಳಗೆ ತೂರಿಸಿದರು.

"ಜೀಪು ಬರಕ್ಕೆ ಇನ್ನೂ ಹೊತ್ತದೆ. ನೀನು ಒಂಚೂರು ಕೂತ್ಕ," ಎಂದು ತಾವೇ ಗುಂಡಿ ಹಾಕಿಕೊಳ್ಳತೊಡಗಿದರು.